ಎಂಟಿಂಚು ಕನ್ನಡಿಯ ಮೇಲೊಂದು ದೂರು

ಗಾಜಕ್ಕನ ಬಾಗಿಲು ತಟ್ಟುವವರಲ್ಲಿ ಎರಡು ಬಗೆ. ಒಡೆದ ಕಿಟಕಿಗೆ ಗಾಜು ಕೂರಿಸಿಕೊಡಿ ಎಂದು ಬರುವವರು ಒಂದು ಬಗೆ. ಅವರಿಗೆ ಮುಖ್ಯ ರಸ್ತೆಯ ಅಂಗಡಿಯ ದಾರಿ ತೋರಿಸಿ ಬಾಗಿಲು ಹಾಕಿಕೊಂಡರೆ ಮುಗಿಯಿತು. ಆಕಾಶ ನೋಡುವ ಹುಚ್ಚು ಹತ್ತಿದವರು ಇನ್ನೊಂದು ಬಗೆ. ಇವರನ್ನು ಸಾಗಹಾಕುವುದು ಅಷ್ಟು ಸಲೀಸಲ್ಲ. ಬರುವ ಮೊದಲೇ ಓದಿಕೊಂಡು ಬಂದಿರುತ್ತಾರೆ, ಕೂತರೆ ಏಳುವುದಿಲ್ಲ, ಮತ್ತು ಎಲ್ಲರೂ ಅದೇ ಎರಡು ಪ್ರಶ್ನೆ ಕೇಳುತ್ತಾರೆ.

“ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?”

“ಮಬ್ಬನ್ನ ಎಷ್ಟು ಪಟ್ಟು ಬೇಕಾದ್ರೂ ದೊಡ್ಡದು ಮಾಡ್ಕೊಡ್ತೀನಿ. ಬೇಕಾ?”

ಅಲ್ಲಿಗೆ ಮೊದಲನೆಯ ಪ್ರಶ್ನೆ ಸಾಯುತ್ತದೆ. ಎರಡನೆಯದು ಅಷ್ಟು ಬೇಗ ಸಾಯುವುದಿಲ್ಲ.

“ಲೆನ್ಸಿನ ದುರ್ಬೀನು ಒಳ್ಳೆಯದಾ, ಕನ್ನಡಿಯ ದುರ್ಬೀನು ಒಳ್ಳೆಯದಾ?”

“ಏನು ನೋಡೋಕೆ?”

“ಎಲ್ಲಾ.”

“ಎಲ್ಲಾ ನೋಡೋಕೆ ಕಿಟಕಿ ತೆಗೆದ್ರೆ ಸಾಕು.”

ಇಷ್ಟಾದ ಮೇಲೂ ಮುಖ ಊದಿಸಿಕೊಳ್ಳದೆ ಕೂತಿದ್ದರೆ ಮಾತ್ರ ಆಕೆ ವಿವರಕ್ಕೆ ಇಳಿಯುತ್ತಾಳೆ. ಲೆನ್ಸಿನದು ಉದ್ದ ಕೊಳವೆ, ಮುಂದೆ ಗಾಜು, ಹಿಂದೆ ಕಣ್ಣು. ಚಂದ್ರನಿಗೂ ಗ್ರಹಗಳಿಗೂ ಚೊಕ್ಕವಾದ ಚಿತ್ರ ಕೊಡುತ್ತದೆ, ಆದರೆ ದೊಡ್ಡದು ಬೇಕೆಂದರೆ ಮನೆ ಮಾರಬೇಕು. ಕನ್ನಡಿಯದರಲ್ಲಿ ಬೆಳಕು ಕೊಳವೆಯ ತಳಕ್ಕೆ ಹೋಗಿ, ಬಟ್ಟಲಿನಂತೆ ತಗ್ಗಾದ ಕನ್ನಡಿಗೆ ಬಡಿದು ಮೇಲೆ ಬರುತ್ತದೆ. ಪಕ್ಕದಿಂದ ಇಣುಕಿ ನೋಡಬೇಕು. ಕಡಿಮೆ ಖರ್ಚಿಗೆ ಹೆಚ್ಚು ಬೆಳಕು ಸಿಗುವುದರಿಂದ ಮಸುಕಾದ ನೀಹಾರಿಕೆಗಳಿಗೆ ಅದೇ ಸರಿ, ಆದರೆ ಆಗಾಗ ಕನ್ನಡಿಯ ಕಿವಿ ಹಿಂಡಿ ನೆಟ್ಟಗೆ ಮಾಡುತ್ತಿರಬೇಕು. ಎರಡನ್ನೂ ಬೆರೆಸಿದ ಮೋಟು ಕೊಳವೆಯದು ಮೂರನೆಯದು. ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು, ಆದರೆ ಹೊರಗಿನ ತಂಪಿಗೆ ಹೊಂದಿಕೊಳ್ಳಲು ಗಂಟೆಗಟ್ಟಲೆ ಸತಾಯಿಸುತ್ತದೆ, ತೋರಿಸುವ ಆಕಾಶವೂ ಇಕ್ಕಟ್ಟು.

“ಇಷ್ಟೇ ವಿಷಯ,” ಎನ್ನುತ್ತಾಳೆ ಗಾಜಕ್ಕ. “ಸ್ಟ್ಯಾಂಡು ಗಟ್ಟಿ ಇದೆಯಾ ನೋಡ್ಕೊಳ್ಳಿ. ಅದು ಅಲ್ಲಾಡಿದ್ರೆ ಮೂರೂ ಒಂದೇ.”

ಆಕೆಗೆ ಅರವತ್ತಮೂರು ವರ್ಷ. ಕನ್ನಡಕದ ಗಾಜು ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಸಿದ್ಧ ಗಾಜುಗಳು ಪೆಟ್ಟಿಗೆಗಟ್ಟಲೆ ಬರತೊಡಗಿದಾಗ ಕಾರ್ಖಾನೆ ಮುಚ್ಚಿತು. ಉಜ್ಜುವ ಕೈ ಮಾತ್ರ ಸುಮ್ಮನಿರಲಿಲ್ಲ. ಆಕಾಶ ನೋಡುವ ಒಬ್ಬ ಕಂಪೌಂಡರು ಒಂದು ದಪ್ಪ ಗಾಜಿನ ಬಿಲ್ಲೆ ತಂದುಕೊಟ್ಟು, ಇದನ್ನು ಬಟ್ಟಲು ಮಾಡಿಕೊಡಿ ಎಂದ. ಹದಿನೈದು ವರ್ಷದಲ್ಲಿ ಆಕೆ ನಲವತ್ತಮೂರು ಕನ್ನಡಿ ಮಾಡಿದಳು. ಮನೆಯ ಮುಂದಿನ ಕೋಣೆಯ ನಡುವೆ ಮರಳು ತುಂಬಿದ ಒಂದು ಪೀಪಾಯಿ. ಅದರ ಮೇಲೆ ಒಂದು ಬಿಲ್ಲೆ, ನಡುವೆ ನೀರು ಕಲಸಿದ ಪುಡಿ, ಮೇಲೆ ಇನ್ನೊಂದು ಬಿಲ್ಲೆ. ಮೇಲಿನದನ್ನು ಹಿಂದೆ ಮುಂದೆ ತಳ್ಳುತ್ತ ಪೀಪಾಯಿಯ ಸುತ್ತ ನಡೆಯುತ್ತಲೇ ಇರಬೇಕು. ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನಡೆದು ನಡೆದು ನೆಲದ ಸಿಮೆಂಟು ಒಂದು ಸುತ್ತು ನುಣುಪಾಗಿದೆ. ಪುಡಿ ನಯವಾಗುತ್ತ ಹೋದಂತೆ ನಿಯಮ ಬಿಗಿಯಾಗುತ್ತದೆ. ಕೊನೆಯ ಹಂತದಲ್ಲಿ ಕೋಣೆಗೆ ಪೊರಕೆ ಬರುವ ಹಾಗಿಲ್ಲ, ಚಪ್ಪಲಿ ಬರುವ ಹಾಗಿಲ್ಲ, ಅತ್ತಿಗೆ ಬರುವ ಹಾಗಿಲ್ಲ.

ಅತ್ತಿಗೆ ಎಂದರೆ ತೀರಿಕೊಂಡ ಅಣ್ಣನ ಹೆಂಡತಿ, ಎಪ್ಪತ್ತರ ಹೆಂಗಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಊರಿನವರ ಮಾತು ಜೋಡಿಸಿ ಕೊಟ್ಟವರು. ಈಗ ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಕೂತು, ಜೋಡಿಸಲು ಬೇರೆ ಯಾರೂ ಇಲ್ಲದ ಕಾರಣ ಎರಡೂ ಕಡೆಯ ಮಾತನ್ನು ತಾವೇ ಆಡುತ್ತಾರೆ.

“ಗಾಣದೆತ್ತು ಕೂಡ ಸಂಜೆ ಆದ್ರೆ ನಿಲ್ಲುತ್ತೆ ಕಣೇ.”

“ಅದಕ್ಕೆ ಎಣ್ಣೆ ಬಂದದ್ದು ಕಾಣುತ್ತೆ. ನನಗೆ ಎರಡು ತಿಂಗಳು ಏನೂ ಕಾಣಲ್ಲ.”

ಆಕಾಶ ವೀಕ್ಷಕರ ಸಂಘದ ಕಾರ್ಯದರ್ಶಿ ಬಂದದ್ದು ಇಂಥ ಒಂದು ಸಂಜೆ. ವಿಮಾ ಕಂಪನಿಯಲ್ಲಿ ಹಾನಿ ಅಂದಾಜು ಮಾಡುವುದು ಅವರ ವೃತ್ತಿ: ಗುದ್ದಿದ ಕಾರು, ಸುಟ್ಟ ಗೋದಾಮು, ನೆನೆದ ಬಟ್ಟೆಯ ಬೇಲು. ಊರವರ ನಷ್ಟದಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದು ಬಿಡಿಸಿ ಬಿಡಿಸಿ, ಯಾವ ವಸ್ತು ಕೈಗೆ ಬಂದರೂ ಮೊದಲು ತಿರುವಿ ಅಡಿ ನೋಡುವ ಅಭ್ಯಾಸ ಅವರಿಗೆ ಹತ್ತಿತ್ತು. ಸಂಘದಲ್ಲಿ ಅವರದೊಂದು ತಖ್ತೆ ಇತ್ತು. ಹನ್ನೊಂದು ವರ್ಷದಿಂದ ಸದಸ್ಯರು ಕೊಂಡ, ತರಿಸಿದ, ಕಟ್ಟಿದ ಪ್ರತಿಯೊಂದು ದುರ್ಬೀನನ್ನೂ ಸಂಘದ ಮಹಡಿಯ ಮೇಲೆ ಒಂದೇ ಜಾಗದಲ್ಲಿ ನಿಲ್ಲಿಸಿ, ಒಂದೇ ನಕ್ಷತ್ರಕ್ಕೆ ಗುರಿಯಿಟ್ಟು, ತಮ್ಮದೇ ಒಂದು ಐಪೀಸನ್ನು, ಅಂದರೆ ಕಣ್ಣಿಡುವ ತುದಿಯ ಗಾಜನ್ನು, ಅದಕ್ಕೆ ಹಾಕಿ ನೋಡಿ ಅಂಕ ಕೊಟ್ಟಿದ್ದರು.

“ಎಲ್ಲದಕ್ಕೂ ಅದೇ ಐಪೀಸು,” ಎಂದರು, ಸ್ವಲ್ಪ ಹೆಮ್ಮೆಯಿಂದಲೇ. “ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರಬೇಕು ನೋಡಿ. ಇಲ್ದಿದ್ರೆ ಹೋಲಿಕೆ ಅಂತ ಹೇಗಂತೀರಿ?”

ಗಾಜಕ್ಕನಿಗೆ ಮಾತು ಹಿಡಿಸಿತು. ಅಳತೆಯಲ್ಲಿ ಶಿಸ್ತಿರುವ ಜನ ಆಕೆಗೆ ಅಪರೂಪ. ತಖ್ತೆಯನ್ನು ತಿರುವಿ ನೋಡಿದಳು. ಲೆನ್ಸಿನವುಗಳಿಗೆ ಎಂಟು, ಒಂಬತ್ತು. ಮೋಟು ಕೊಳವೆಯವುಗಳಿಗೆ ಏಳು, ಎಂಟು. ದೊಡ್ಡ ಕನ್ನಡಿಯ ಗಿಡ್ಡ ದುರ್ಬೀನುಗಳಿಗೆ ಮೂರು, ನಾಲ್ಕು. ಕನ್ನಡಿ ಮಾಡುವವರು ಎಲ್ಲರೂ ಅಷ್ಟು ಕೆಟ್ಟವರೇ ಎಂದು ಒಂದು ಕ್ಷಣ ಅನ್ನಿಸಿತು. ಇರಬಹುದು, ತಾನು ಮಾಡಿದ್ದು ಒಂದೂ ಆ ತಖ್ತೆಯಲ್ಲಿ ಇಲ್ಲವಲ್ಲ ಎಂದುಕೊಂಡು ಸುಮ್ಮನಾದಳು.

ಸಂಘಕ್ಕೆ ಆರು ಶಾಲೆಗಳಿಗಾಗಿ ಆರು ದುರ್ಬೀನು ಬೇಕಾಗಿದ್ದವು. ಮೊದಲು ಒಂದು ಎಂಟಿಂಚಿನ ಕನ್ನಡಿ. ಅದು ಕಾರ್ಯದರ್ಶಿಗಳ ಮಹಡಿಯಲ್ಲಿ ಪಾಸಾದರೆ ಉಳಿದ ಐದೂ ಆಕೆಯವೇ.

ಆ ವರ್ಷ ಗಾಜಕ್ಕನಿಗೆ ಒಂದು ಗುಟ್ಟು ಇತ್ತು. ಬೆಳಗ್ಗೆ ಎದ್ದಾಗ ಬಲಗೈ ಹೆಬ್ಬೆರಳು ಜೋಮು ಹಿಡಿದಂತಿರುತ್ತಿತ್ತು. ಹೇಳದಿದ್ದರೂ ಅತ್ತಿಗೆಗೆ ಗೊತ್ತಾಗಿತ್ತು, ಏಕೆಂದರೆ ಡಬ್ಬಿಯ ಮುಚ್ಚಳಗಳೆಲ್ಲ ಸಡಿಲವಾಗಿ ಸಿಗತೊಡಗಿದ್ದವು.

“ಈ ಕನ್ನಡಿ ಸರಿ ಬರದಿದ್ರೆ ಕೈ ಹೋಯ್ತು ಅಂತ ಅರ್ಥ,” ಎಂದಳು ಗಾಜಕ್ಕ. “ಪೀಪಾಯಿ ಖಾಲಿ ಮಾಡ್ತೀನಿ. ಕೆಟ್ಟ ಕನ್ನಡಿ ಮಾಡಿ ಮಕ್ಕಳ ಕೈಗೆ ಕೊಡೋಳಲ್ಲ ನಾನು.”

“ಮಾಡು. ಅಲ್ಲಿ ಗಾಳಿ ಚೆನ್ನಾಗಿದೆ, ನಾನೊಂದು ಮಂಚ ಹಾಕ್ಕೊಳ್ತೀನಿ,” ಎಂದರು ಅತ್ತಿಗೆ. ಆ ವಾರವೆಲ್ಲ ಡಬ್ಬಿಗಳ ಮುಚ್ಚಳ ಅವರೇ ತೆಗೆದುಕೊಟ್ಟರು.

ಕನ್ನಡಿ ಸರಿ ಬಂತು. ಬಂದದ್ದು ಗಾಜಕ್ಕನಿಗೆ ಗೊತ್ತಿತ್ತು. ಸೂಜಿರಂಧ್ರದ ದೀಪ ಇಟ್ಟು, ಮರಳಿ ಬರುವ ಬೆಳಕನ್ನು ಬ್ಲೇಡಿನ ಅಲಗಿನಿಂದ ಕತ್ತರಿಸಿ ನೋಡಿದರೆ ಕನ್ನಡಿಯ ಮೈಯಲ್ಲಿರುವ ಉಬ್ಬು ತಗ್ಗೆಲ್ಲ ನೆರಳಾಗಿ ಕಾಣುತ್ತದೆ. ಅಲ್ಲಿ ಒಂದು ಗೆರೆಯೂ ಇರಲಿಲ್ಲ. ಅಂಚಿನವರೆಗೂ ನಯ. ಅಲ್ಯೂಮಿನಿಯಂ ಲೇಪ ಹಾಕಿಸಿ, ಹಳೆಯ ಕೊಳವೆಯೊಂದರಲ್ಲಿ ಕೂರಿಸಿ, ಮನೆಯ ಮೇಲಿಂದ ನಕ್ಷತ್ರ ನೋಡಿದಳು. ಚುಕ್ಕೆ ಎಂದರೆ ಚುಕ್ಕೆ.

ಕಳಿಸಿಕೊಟ್ಟ ಆರನೆಯ ದಿನ ಕನ್ನಡಿ ವಾಪಸು ಬಂತು, ಜೊತೆಗೊಂದು ಕಾಗದ. ಕಾರ್ಯದರ್ಶಿಗಳು ಅದನ್ನು ತಮ್ಮ ಕಚೇರಿಯ ರೀತಿಯಲ್ಲೇ ಬರೆದಿದ್ದರು. ವಸ್ತು: ಎಂಟಿಂಚು ಕನ್ನಡಿ. ದೋಷದ ಸ್ವರೂಪ: ನಕ್ಷತ್ರವು ದುಂಡಗಿಲ್ಲ, ಜೀರಿಗೆಯಾಕಾರದಲ್ಲಿದೆ. ಫೋಕಸ್ ಒಳಕ್ಕೆ ತಿರುಗಿಸಿದರೆ ಜೀರಿಗೆ ಬಲಕ್ಕೆ ವಾಲುತ್ತದೆ, ಹೊರಕ್ಕೆ ತಿರುಗಿಸಿದರೆ ಎಡಕ್ಕೆ. ಹೋಲಿಕೆ: ಅದೇ ದಿನ, ಅದೇ ಐಪೀಸಿನಲ್ಲಿ, ನಾಲ್ಕಿಂಚಿನ ಲೆನ್ಸಿನ ದುರ್ಬೀನು ಮತ್ತು ಮೋಟು ಕೊಳವೆಯ ದುರ್ಬೀನು, ಎರಡರಲ್ಲೂ ನಕ್ಷತ್ರ ದುಂಡಗಿದೆ. ಅಂಕ: ಮೂರು. ಕೆಳಗೆ ಎರಡು ಜೀರಿಗೆಯ ಚಿತ್ರ, ಸ್ಕೇಲು ಇಟ್ಟು ಎಳೆದದ್ದು.

ದೂರು ದಡ್ಡರದಾಗಿದ್ದರೆ ಗಾಜಕ್ಕ ಅದನ್ನು ಒಲೆಗೆ ಹಾಕುತ್ತಿದ್ದಳು. ಇದು ದಡ್ಡರ ದೂರಲ್ಲ. ಬಟ್ಟಲು ಎಲ್ಲ ದಿಕ್ಕಿಗೂ ಒಂದೇ ಸಮ ತಗ್ಗಾಗದೆ, ಒಂದು ದಿಕ್ಕಿಗೆ ಕೂದಲಿನ ಸಾವಿರದ ಒಂದು ಪಾಲಿನಷ್ಟು ಹೆಚ್ಚು ಬಾಗಿದ್ದರೆ ನಕ್ಷತ್ರ ಸರಿಯಾಗಿ ಹೀಗೆಯೇ ಕಾಣುತ್ತದೆ. ಅದಕ್ಕೂ ಕೆಟ್ಟದ್ದೆಂದರೆ, ಬ್ಲೇಡಿನ ಪರೀಕ್ಷೆಗೆ ಈ ಒಂದು ದೋಷ ಸುಲಭವಾಗಿ ಸಿಕ್ಕುವುದಿಲ್ಲ. ಪೀಪಾಯಿಯ ಸುತ್ತ ನಡೆಯುವಾಗ ಹೆಬ್ಬೆರಳು ಒಂದೇ ಕಡೆ ಒತ್ತಿದರೆ ಬರುವ ದೋಷ ಅದು.

“ನೀನು ನೋಡಿದಾಗ ದುಂಡಗಿತ್ತು ತಾನೆ?” ಎಂದರು ಅತ್ತಿಗೆ.

“ಇತ್ತು.”

“ಮತ್ತೆ?”

“ನನ್ನದು ಒಂದು ಆಪರೇಷನ್ ಆದ ಕಣ್ಣು, ಇನ್ನೊಂದು ಆಗಬೇಕಾದ ಕಣ್ಣು. ಅವರು ಹನ್ನೊಂದು ವರ್ಷದಿಂದ ನೋಡ್ತಾ ಇದಾರೆ. ನೀವೊಂದ್ಸಲ ನೋಡಿ ಹೇಳಿ.”

“ನನಗೆ ನಕ್ಷತ್ರವೂ ಒಂದೇ, ಬೀದಿ ದೀಪವೂ ಒಂದೇ. ನನ್ನ ಸಾಕ್ಷಿ ತಗೊಂಡು ಏನ್ ಮಾಡ್ತೀಯ?”

ಮೂರು ದಿನ ಕನ್ನಡಿ ಪೆಟ್ಟಿಗೆಯಲ್ಲಿತ್ತು. ನಾಲ್ಕನೆಯ ದಿನ ಗಾಜಕ್ಕ ಮುಂದೆ ತನ್ನನ್ನು ತಾನೇ ಬೈದುಕೊಳ್ಳಬೇಕಾದ ಕೆಲಸವನ್ನು ಮಾಡಿದಳು. ಲೇಪವನ್ನು ಕರಗಿಸಿ ತೆಗೆದು, ಕನ್ನಡಿಯನ್ನು ಮತ್ತೆ ಉಜ್ಜಲು ಕೂತಳು. ದೋಷ ತನ್ನ ಕಣ್ಣಿಗೆ ಬಿದ್ದಿಲ್ಲ. ಎಲ್ಲಿದೆ, ಎಷ್ಟಿದೆ ಗೊತ್ತಿಲ್ಲ. ಆದರೂ ಎಲ್ಲ ದಿಕ್ಕಿಗೂ ಸಮನಾಗಿ ಇಪ್ಪತ್ತು ನಿಮಿಷ ಉಜ್ಜಿದರೆ ಇದ್ದದ್ದು ಹೋಗಲಿ ಎಂಬ ಲೆಕ್ಕ. ಕೊನೆಯ ಉಜ್ಜಾಟಕ್ಕೆ ಡಾಂಬರಿನಂಥ ಮೇಣದ ಹಾಸು ಬೇಕು. ಬಿಸಿ ಮಾಡಿ ಅಚ್ಚು ಒತ್ತಿದ ಮೇಲೆ ಅದು ಒಂದು ರಾತ್ರಿ ತಣ್ಣಗಾಗಬೇಕು. ಈ ನಿಯಮವನ್ನು ಆಕೆ ಇಪ್ಪತ್ತು ಜನರಿಗೆ ಹೇಳಿಕೊಟ್ಟಿದ್ದಾಳೆ. ಆ ದಿನ ಎರಡು ಗಂಟೆ ಮಾತ್ರ ಕಾದಳು.

ಮತ್ತೆ ದೀಪ, ಮತ್ತೆ ಬ್ಲೇಡು. ಮೈ ಮೊದಲಿನ ಹಾಗೆಯೇ ನಯವಾಗಿತ್ತು. ಆದರೆ ಅಂಚಿನ ಒಂದು ಬದಿಯಲ್ಲಿ ನೂಲಿನೆಳೆಯಂಥ ಬೆಳಕು ಹೊಳೆಯುತ್ತಿತ್ತು. ಈ ಪರೀಕ್ಷೆಯಲ್ಲಿ ಒಂದು ಬದಿ ಹೊಳೆದರೆ ಅಂಚು ಸುತ್ತಲೂ ಕೆಟ್ಟಿದೆ ಎಂದರ್ಥ: ಮೆತ್ತಗಿದ್ದ ಹಾಸು ಅದನ್ನು ತಿಂದು ಕೆಳಕ್ಕೆ ಇಳಿಸಿತ್ತು. ಮೊದಲು ಇಲ್ಲದಿದ್ದ ದೋಷ ಈಗ ಇತ್ತು.

ಸರಿಪಡಿಸಬೇಕೆಂದರೆ ಒಂದು ಹಂತ ಹಿಂದಕ್ಕೆ ಹೋಗಬೇಕು, ಮೂರು ವಾರದ ಕೆಲಸ. ನೂಲೆಳೆಯಷ್ಟು ತಾನೆ ಎಂದು ಆಕೆ ತನಗೇ ಹೇಳಿಕೊಂಡಳು. ಮತ್ತೆ ಲೇಪ ಹಾಕಿಸಿ ಕಳಿಸಿಬಿಟ್ಟಳು. ಅತ್ತಿಗೆಗೂ ಹೇಳಲಿಲ್ಲ.

ಎರಡನೆಯ ದೂರು ಕಾಗದದಲ್ಲಿ ಬರಲಿಲ್ಲ. ಕಾರ್ಯದರ್ಶಿಗಳೇ ಒಂದು ಭಾನುವಾರ ಬೆಳಗ್ಗೆ, ಬಾಡಿಗೆ ವ್ಯಾನಿನಲ್ಲಿ ಇಡೀ ದುರ್ಬೀನನ್ನು ಹೇರಿಕೊಂಡು ಬಂದರು.

“ಜೀರಿಗೆ ಹಾಗೇ ಇದೆ,” ಎಂದರು. “ಒಂದು ಎಳೆ ಕೂಡ ಬದಲಾಗಿಲ್ಲ.”

ಅಂಚಿನ ಮಾತು ಅವರು ಎತ್ತಲೇ ಇಲ್ಲ. ಕಂಡಿರಲಿಲ್ಲ. ಗಾಜಕ್ಕನಿಗೆ ಇದರಿಂದ ಸಮಾಧಾನವಾಗಬೇಕಿತ್ತು, ಮೈ ಉರಿಯಿತು. ಇರುವ ದೋಷ ಕಾಣದೆ ಇಲ್ಲದ ದೋಷ ಕಾಣುವ ಈ ಕಣ್ಣು ಎಂಥದ್ದು?

“ಇಲ್ಲೇ ನೋಡೋಣ,” ಎಂದಳು.

“ಹಗಲಲ್ಲಿ ನಕ್ಷತ್ರ ಎಲ್ಲಿಂದ ತರ್ತೀರಿ?”

ಹಗಲು ನಕ್ಷತ್ರ ತರುವುದು ಈ ಕಸುಬಿನವರಿಗೆ ಗೊತ್ತು. ಮನೆಯ ಮೇಲಿಂದ ಅರ್ಧ ಮೈಲು ದೂರದ ವಿದ್ಯುತ್ ಕಂಬದಲ್ಲಿ ಪಿಂಗಾಣಿ ಬಟ್ಟಲುಗಳಿವೆ. ಬಿಸಿಲು ಬಿದ್ದಾಗ ಒಂದೊಂದರ ಮೈಯಲ್ಲೂ ಸೂಜಿಮೊನೆಯಷ್ಟು ಬೆಳಕು ಮಿನುಗುತ್ತದೆ. ದುರ್ಬೀನನ್ನು ಇಬ್ಬರೂ ಸೇರಿ ಮೇಲೆ ಹೊತ್ತರು. ಆಕೆ ಗುರಿಯಿಟ್ಟಳು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಕಟ್ಟೆಯ ಮೇಲಿಟ್ಟು, ತಮ್ಮ ಐಪೀಸು ಹಾಕಿ, ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಒಳಕ್ಕೆ ತಿರುಗಿಸಿದರು, ಹೊರಕ್ಕೆ ತಿರುಗಿಸಿದರು.

“ದುಂಡಗಿದೆ,” ಎಂದರು ಕೊನೆಗೆ, ಯಾರೋ ತಮಗೆ ಮೋಸ ಮಾಡಿದ ಹಾಗೆ.

“ಅಂದ್ರೆ ಕನ್ನಡಿ ಸರಿ ಇದೆ.”

“ಹಗಲಲ್ಲಿ ಸರಿ ಇದೆ. ರಾತ್ರಿ ಕೆಡುತ್ತೆ.”

“ಕನ್ನಡಿ ಏನು ಕುಡುಕನಾ, ಹಗಲು ನೆಟ್ಟಗಿದ್ದು ರಾತ್ರಿ ವಾಲೋಕೆ?”

ಕೆಳಗಿನಿಂದ ಅತ್ತಿಗೆ ನಕ್ಕದ್ದು ಕೇಳಿಸಿತು. ಕಾರ್ಯದರ್ಶಿಗಳು ನಗಲಿಲ್ಲ. ಗಾಜು ತಂಪಿಗೆ ಕುಗ್ಗುತ್ತದೆ, ಕುಗ್ಗುವಾಗ ಹಿಡಿಕೆಗಳು ಅದನ್ನು ಒಂದು ಕಡೆ ಹಿಂಡುತ್ತಿರಬೇಕು, ಅಥವಾ ಗಾಜಿನೊಳಗೇ ಬಿಗುವು ಇರಬೇಕು ಎಂದು ವಿವರಿಸಿದರು. ಹೇಳಿದ್ದರಲ್ಲಿ ಅಸಾಧ್ಯವಾದದ್ದು ಒಂದೂ ಇರಲಿಲ್ಲ, ಅದೇ ಗಾಜಕ್ಕನಿಗೆ ತಡೆಯಲಾಗದೆ ಹೋದದ್ದು. ಅವರು ಜೇಬಿನಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡು, ನಿಂತಲ್ಲೇ ಪುಸ್ತಕದಲ್ಲಿ ಬರೆದರು: ಹಗಲು ದುಂಡು, ರಾತ್ರಿ ಜೀರಿಗೆ. ನಾಳೆ ಸಂಜೆ ಸಂಘದಲ್ಲಿ ತೀರ್ಮಾನ. ಅದೇ ಕನ್ನಡಕದಲ್ಲೇ ಮೆಟ್ಟಿಲಿಳಿದರು, ದುರ್ಬೀನನ್ನು ವ್ಯಾನಿಗೆ ಹೇರಿಸಿಕೊಂಡು ಹೊರಟೇ ಹೋದರು.

“ತೀರ್ಮಾನವಂತೆ,” ಎಂದಳು ಗಾಜಕ್ಕ. “ನಾಳೆ ರಾತ್ರಿಗೆ ಪೀಪಾಯಿ ಖಾಲಿ. ನಿಮ್ಮ ಮಂಚ ತರಿಸಿ.”

“ಮೊದಲು ಆ ಮನುಷ್ಯನ ಕನ್ನಡಕ ತಲುಪಿಸು. ಬೇರೆ ಕನ್ನಡಕದಲ್ಲಿ ಇಳಿದು ಹೋದ್ರು, ಹಾಕ್ಕೊಂಡು ಬಂದಿದ್ದು ಮೇಲೇ ಇರ್ಬೇಕು ನೋಡು.”

ಆಕೆ ಕಟ್ಟೆಯ ಮೇಲಿದ್ದ ಕನ್ನಡಕ ಎತ್ತಿಕೊಂಡಳು. ಎತ್ತಿಕೊಂಡ ಕೈ ಮಾತ್ರ ಆಕೆಯ ಅಪ್ಪಣೆಗೆ ಕಾಯಲಿಲ್ಲ. ಇಪ್ಪತ್ತೆರಡು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೆಲಸವನ್ನು ಮಾಡಿತು: ಗಾಜನ್ನು ತೋಳಳತೆಯಲ್ಲಿ ಹಿಡಿದು, ಅದರೊಳಗಿಂದ ಎದುರು ಮನೆಯ ಕಿಟಕಿಯ ಸರಳು ನೋಡುತ್ತ, ಮೆಲ್ಲಗೆ ತಿರುಗಿಸಿತು. ಬರಿಯ ದೂರದೃಷ್ಟಿಯ ಅಥವಾ ಸಮೀಪದೃಷ್ಟಿಯ ಗಾಜಾದರೆ ಎಷ್ಟು ತಿರುಗಿಸಿದರೂ ಸರಳು ನೆಟ್ಟಗೇ ಇರುತ್ತದೆ. ಇದರಲ್ಲಿ ಸರಳು ಕತ್ತರಿಯ ಅಲಗಿನಂತೆ ಓರೆಯಾಯಿತು. ಆಕೆ ಇನ್ನೊಮ್ಮೆ ತಿರುಗಿಸಿದಳು. ಮತ್ತೆ ಓರೆ.

ಕಾರ್ಖಾನೆಯಲ್ಲಿ ಇದಕ್ಕೆ ಸಿಲಿಂಡರ್ ಎನ್ನುತ್ತಿದ್ದರು. ಕೆಲವರ ಕಣ್ಣೇ ಒಂದು ದಿಕ್ಕಿಗೆ ಹೆಚ್ಚು ಬಾಗಿರುತ್ತದೆ. ಅಂಥವರ ಗಾಜನ್ನು ಅಷ್ಟೇ ಓರೆಯಾಗಿ ಉಜ್ಜಿ ಕೊಡಬೇಕು. ಗಾಜಕ್ಕ ದುಡಿದದ್ದು ಅದೇ ವಿಭಾಗದಲ್ಲಿ.

ಆಕೆ ಕಟ್ಟೆಯ ಮೇಲೆ ಕೂತುಬಿಟ್ಟಳು. ಈಗ ಎಲ್ಲ ಒಂದರ ಹಿಂದೊಂದು ಸಾಲಾಗಿ ನಿಂತವು. ದುರ್ಬೀನಿಗೆ ಕಣ್ಣಿಡುವಾಗ ಕನ್ನಡಕ ತೆಗೆಯಿರಿ, ಫೋಕಸ್ ತಿರುಗಿಸಿದರೆ ನಿಮ್ಮ ನಂಬರು ಸರಿಹೋಗುತ್ತದೆ ಎಂದು ಎಲ್ಲ ಪುಸ್ತಕದಲ್ಲೂ ಇದೆ. ಬೇರೆ ನಂಬರಾದರೆ ಸರಿಹೋಗುತ್ತದೆ, ಸಿಲಿಂಡರ್ ಹೋಗುವುದಿಲ್ಲ. ಮೂರು ದುರ್ಬೀನಿಗೂ ಒಂದೇ ಐಪೀಸು ಹಾಕಿದ್ದು ನ್ಯಾಯವಾಗಿ ಕಂಡಿತ್ತು, ಅಲ್ಲೇ ಅನ್ಯಾಯ ಆಗಿತ್ತು: ಅದೇ ಐಪೀಸಿನಿಂದ ಲೆನ್ಸಿನ ಉದ್ದ ದುರ್ಬೀನಿನಲ್ಲೂ ಮೋಟು ಕೊಳವೆಯದರಲ್ಲೂ ಹೊರಬರುವ ಬೆಳಕಿನ ಕಡ್ಡಿ ಮೂರು ಮಿಲಿಮೀಟರು ದಪ್ಪ; ಕನ್ನಡಿಯ ಗಿಡ್ಡ ದುರ್ಬೀನಿನಲ್ಲಿ ಆರಕ್ಕೂ ಮೇಲೆ. ಸಣ್ಣ ಕಡ್ಡಿ ಕಣ್ಣಿನ ನಡುಭಾಗದಿಂದ ನುಸುಳಿಹೋಗುತ್ತದೆ, ಕಣ್ಣಿನ ಓರೆ ಅಷ್ಟಾಗಿ ತಗಲುವುದಿಲ್ಲ. ದಪ್ಪ ಕಡ್ಡಿ ಇಡೀ ಕಣ್ಣನ್ನು ತುಂಬುತ್ತದೆ, ಓರೆಯೆಲ್ಲ ಬಯಲಿಗೆ ಬರುತ್ತದೆ. ಹಗಲಿನಲ್ಲಿ ಏಕೆ ದುಂಡಗಿತ್ತು? ಬಿಸಿಲಿಗೆ ಕಣ್ಣಿನ ಪಾಪೆ ಕಿರಿದಾಗಿ, ದಪ್ಪ ಕಡ್ಡಿಯನ್ನು ತಾನೇ ಸಣ್ಣ ಮಾಡಿಕೊಂಡಿತ್ತು. ಹನ್ನೊಂದು ವರ್ಷದ ತಖ್ತೆಯಲ್ಲಿ ಆ ಮನುಷ್ಯ ಅಳೆದದ್ದು ದುರ್ಬೀನುಗಳನ್ನಲ್ಲ, ಒಂದೊಂದು ದುರ್ಬೀನು ಅವರ ಕಣ್ಣನ್ನು ಎಷ್ಟು ತುಂಬುತ್ತದೆ ಎಂಬುದನ್ನು.

ಇದು ಕಾಗದ ಬಂದ ದಿನವೇ ಹೊಳೆಯಬೇಕಿತ್ತು. ಬೇರೆಯವರಿಗೆ ಹೊಳೆಯದಿದ್ದರೆ ಕ್ಷಮೆ ಇದೆ. ಸಿಲಿಂಡರನ್ನೇ ಉಜ್ಜಿ ಅನ್ನ ತಿಂದವಳಿಗೆ ಹೊಳೆಯಲಿಲ್ಲ. ಬದಲಿಗೆ ಹೆಬ್ಬೆರಳಿನ ಭಯಕ್ಕೆ ಒಳ್ಳೆಯ ಕನ್ನಡಿಯನ್ನು ಮತ್ತೆ ಉಜ್ಜಿ ಹಾಳು ಮಾಡಿ ಕೂತಳು.

“ಏನೇ, ಮಂಚ ತರಿಸಬೇಕೋ ಬೇಡವೋ?” ಎಂದರು ಅತ್ತಿಗೆ ಕೆಳಗಿನಿಂದ.

“ಬಾಯಿ ಮುಚ್ಚಿಕೊಂಡು ನಾಳೆ ನನ್ನ ಜೊತೆ ಬನ್ನಿ.”

“ಎರಡೂ ಒಟ್ಟಿಗೆ ಆಗಲ್ಲ.”

ಸಂಘದ ಮಹಡಿಯಲ್ಲಿ ಮರುದಿನ ಏಳು ಗಂಟೆಗೆಲ್ಲ ಕತ್ತಲಾಗಿತ್ತು. ಕಾರ್ಯದರ್ಶಿ, ಔಷಧಿ ಅಂಗಡಿಯ ಮಾಲೀಕರಾದ ಖಜಾಂಚಿ, ಗಾಜಕ್ಕ, ಮತ್ತು ಕಬ್ಬಿಣದ ಕುರ್ಚಿಯಲ್ಲಿ ಶಾಲು ಹೊದ್ದು ಕೂತ ಅತ್ತಿಗೆ. ಕಾರ್ಯದರ್ಶಿಗಳು ಹಳೆಯದೊಂದು ಕನ್ನಡಕದಲ್ಲಿ ಬಂದಿದ್ದರು; ಎಂದಿನಂತೆ ಅದನ್ನೂ ತೆಗೆದು ಜೇಬಿಗಿಟ್ಟು ದುರ್ಬೀನಿಗೆ ಕಣ್ಣಿಟ್ಟರು. ಗಾಜಕ್ಕ ಅವರು ಬಿಟ್ಟುಹೋಗಿದ್ದ ಕನ್ನಡಕವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

“ನೋಡಿ ಹೇಳಿ. ಜೀರಿಗೆ ಇದೆಯಾ?”

“ಇದೆ. ಬಲಕ್ಕೆ ವಾಲಿದೆ.”

ಆಕೆ ಐಪೀಸನ್ನು ಅದರ ಜಾಗದಲ್ಲೇ ಕಾಲು ಸುತ್ತು ತಿರುಗಿಸಿದಳು. “ಈಗ?”

“ಹಾಗೇ ಇದೆ. ಅದಕ್ಕೇ ಹೇಳಿದ್ದು, ದೋಷ ಐಪೀಸಿನದಲ್ಲ.”

“ಸರಿ. ಈಗ ಕಣ್ಣು ತೆಗೀಬೇಡಿ. ತಲೆ ಎಡಗಡೆ ಹೆಗಲಿಗೆ ವಾಲಿಸಿ.”

“ಯಾಕೆ?”

“ವಾಲಿಸಿ, ಹೇಳ್ತೀನಿ.”

ಅವರು ತಲೆ ವಾಲಿಸಿದರು. ನೆಟ್ಟಗಾದರು, ಮತ್ತೆ ವಾಲಿದರು. ಇನ್ನೊಂದು ಹೆಗಲಿಗೂ ವಾಲಿ ನೋಡಿದರು. ಕತ್ತಲಲ್ಲಿ ಹಾಗೆ ತೂಗುತ್ತಿದ್ದ ಆ ತಲೆಯನ್ನು ಅತ್ತಿಗೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

“ತಿರುಗುತ್ತೆ,” ಎಂದರು ಕಾರ್ಯದರ್ಶಿ.

“ಯಾವುದರ ಜೊತೆ?”

ಹಾನಿ ಅಳೆಯುವವರಿಗೆ ಕಾರಣ ಅರ್ಥವಾಗಲು ಎರಡು ಸಲ ಹೇಳಬೇಕಿಲ್ಲ. ಗಾಜಕ್ಕ ಚೀಲದಿಂದ ಕನ್ನಡಕ ತೆಗೆದು ಕೈಗಿಟ್ಟಳು. ಅವರು ಅದನ್ನು ಹಾಕಿಕೊಂಡು, ಗಾಜು ಐಪೀಸಿಗೆ ತಗಲದ ಹಾಗೆ ಬೆರಳು ಅಡ್ಡ ಇಟ್ಟು, ಮತ್ತೆ ಬಗ್ಗಿದರು.

“ದುಂಡಗಿದೆ,” ಎಂದರು. ಆಮೇಲೆ, ಯಾರಿಗೂ ಅಲ್ಲದಂತೆ, “ಮೂವತ್ತೆಂಟು ದುರ್ಬೀನು,” ಎಂದರು.

“ಏನಂತೆ?” ಎಂದರು ಖಜಾಂಚಿ.

“ತಖ್ತೆಯಲ್ಲಿರೋದು. ಮೂವತ್ತೆಂಟು.”

“ಅದರಲ್ಲೊಂದು ನಂದು,” ಎಂದರು ಖಜಾಂಚಿ. “ನಾಲ್ಕು ಅಂಕ ಕೊಟ್ಟಿದ್ರಿ. ನಿಮ್ಮ ಮಾತು ಕೇಳಿ ಅದನ್ನ ನನ್ನ ಷಡ್ಡಕನಿಗೆ ಕೊಟ್ಟೆ. ಅವನು ಅದರಲ್ಲಿ ನೋಡ್ಕೊಂಡು ಈಗಲೂ ಖುಷಿಗೆ ಕುಣೀತಾನೆ.”

ಒಂದು ವಿಷಯದಲ್ಲಿ ಕಾರ್ಯದರ್ಶಿಗಳನ್ನು ಮೆಚ್ಚಬೇಕು: ನುಣುಚಿಕೊಳ್ಳಲು ದಾರಿ ಹುಡುಕಲಿಲ್ಲ. ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು ಪುಸ್ತಕ ಬಿಡಿಸಿ, ಹಿಂದಿನ ದಿನ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಹೊಸ ಹಾಳೆಯಲ್ಲಿ ಬರೆದರು. ವಸ್ತು: ಎಂಟಿಂಚು ಕನ್ನಡಿ. ದೋಷ: ಇಲ್ಲ. ಪುಸ್ತಕವನ್ನೂ ಪೆನ್ನನ್ನೂ ಗಾಜಕ್ಕನ ಮುಂದೆ ಹಿಡಿದರು.

“ಕೆಳಗೆ ನೀವೊಂದು ಸಹಿ ಹಾಕಿ. ಉಳಿದ ಐದೂ ನಿಮ್ಮವೇ. ತಪ್ಪು ನನ್ನದು, ಅದನ್ನೂ ಬೇಕಾದ್ರೆ ಬರೀತೀನಿ.”

ಗಾಜಕ್ಕ ಪೆನ್ನು ತೆಗೆದುಕೊಂಡಳು. ಗೆದ್ದಾಗಿತ್ತು. ಕೈ ಹೋಗಿಲ್ಲ, ಮೊದಲ ದಿನ ಕಳಿಸಿದ ಕನ್ನಡಿ ಆಕೆಯ ನಲವತ್ತಮೂರರಲ್ಲೇ ಒಳ್ಳೆಯದು. ಆದರೆ ಈಗ ಕೊಳವೆಯ ತಳದಲ್ಲಿ ಇರುವುದು ಆ ಕನ್ನಡಿಯಲ್ಲ. ಅದನ್ನು ಬಲ್ಲವಳು ಇಡೀ ಊರಿನಲ್ಲಿ ಆಕೆ ಒಬ್ಬಳೇ. ಸಹಿ ಹಾಕಿದರೆ ಮುಂದೆಯೂ ಒಬ್ಬಳೇ. ‘ಇಲ್ಲ’ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆದಳು: ಅಂಚು ಇಳಿದಿದೆ, ಸುತ್ತಲೂ, ಎರಡು ಮಿಲಿಮೀಟರು.

ಕಾರ್ಯದರ್ಶಿಗಳು ಟಾರ್ಚನ್ನು ಹತ್ತಿರ ತಂದು ಓದಿದರು.

“ಇದ್ಯಾವುದು? ನನಗೆ ಕಾಣಲಿಲ್ಲವಲ್ಲ.”

“ನಿಮಗೆ ಕಾಣಲ್ಲ. ನಿಮ್ಮ ಮೊದಲನೇ ಕಾಗದ ಬಂದ ಮೇಲೆ ಮತ್ತೆ ಉಜ್ಜಿದೆ. ಹಾಸು ತಣ್ಣಗಾಗೋವರೆಗೂ ಕಾಯಲಿಲ್ಲ. ಮೊದಲು ಸರಿಯಾಗಿತ್ತು, ಆಮೇಲೆ ನಾನೇ ಕೆಡಿಸಿದ್ದು.”

“ನನ್ನ ದೂರು ನಂಬಿ ಕೆಡಿಸಿದ್ರಾ?”

“ನಿಮ್ಮದು ನಂಬಿದ್ದಕ್ಕಲ್ಲ. ನನ್ನದು ನಂಬದೇ ಇದ್ದಿದ್ದಕ್ಕೆ.”

ಖಜಾಂಚಿಗೆ ಇದೆಲ್ಲ ಅತಿಯಾಯಿತು. “ಅಲ್ಲಮ್ಮಾ, ಎರಡು ಮಿಲಿಮೀಟರು ಅಂಚಿಗೆ ಒಂದು ಕಪ್ಪು ಉಂಗುರ ಕೂರಿಸಿದ್ರೆ ಆಯ್ತಲ್ಲ? ಎಷ್ಟೋ ಜನ ಹಾಗೇ ಮಾಡ್ತಾರೆ. ಮಕ್ಕಳಿಗೆ ಚಂದ್ರ ಕಂಡ್ರೆ ಸಾಕು.”

“ಎಷ್ಟೋ ಜನರ ಹತ್ರ ತರಿಸ್ಕೊಳ್ಳಿ ಹಾಗಾದ್ರೆ. ನಾನು ಎಂಟಿಂಚು ಅಂತ ಒಪ್ಪಿಕೊಂಡು ಏಳೂ ಮುಕ್ಕಾಲು ಕೊಡಲ್ಲ. ಮೂರು ವಾರ ಬೇಕು. ಮೂರು ವಾರ ಆದ್ಮೇಲೆ ದೋಷದ ಜಾಗದಲ್ಲಿ ಏನು ಬರೀತೀರೋ ಬರೀರಿ.”

“ಎರಡು ಸಲ ನಾನು ದೂರು ಹೇಳಿದೆ, ಬೈದ್ರಿ,” ಎಂದರು ಕಾರ್ಯದರ್ಶಿ, ನಿಜವಾಗಿಯೂ ದಣಿದ ದನಿಯಲ್ಲಿ. “ಈಗ ಒಪ್ಪಿಕೊಂಡ್ರೆ ನೀವೇ ವಾಪಸ್ ತಗೊಂಡು ಹೋಗ್ತೀನಿ ಅಂತೀರಿ.”

“ಅವಳು ಹಾಗೇ,” ಎಂದರು ಅತ್ತಿಗೆ ಕುರ್ಚಿಯಿಂದ. “ನೋಡೋಕೆ ಬಂದ ಗಂಡುಗಳಿಗೂ ಹೀಗೇ ಮಾಡಿದ್ಲು.” ಆಮೇಲೆ ದನಿ ತಗ್ಗಿಸಿ, “ಕೈ ಹೋಗಿಲ್ಲ ಅಂತಾಯ್ತಲ್ಲ?” ಎಂದರು.

“ಕೈ ಹೋಗಿಲ್ಲ. ತಲೆ ಹೋಗಿತ್ತು, ಒಂದು ವಾರ.”

“ಅದಕ್ಕೆ ಪೀಪಾಯಿ ಖಾಲಿ ಮಾಡಬೇಕಾಗಿಲ್ಲ. ನನ್ನ ಮಂಚ ಇದ್ದಲ್ಲೇ ಇರಲಿ.”

ಗಾಜಕ್ಕ ಚೀಲದಿಂದ ಸ್ಕ್ರೂಡ್ರೈವರನ್ನೂ, ಕನ್ನಡಿ ಸುತ್ತಲು ತಂದಿದ್ದ ಹತ್ತಿಬಟ್ಟೆಯನ್ನೂ ತೆಗೆದಳು. ಕೊಳವೆಯನ್ನು ಮಲಗಿಸಿದರೆ ತಳದ ಮೂರು ತಿರುಪು ಬಿಚ್ಚುವುದು ಐದು ನಿಮಿಷದ ಕೆಲಸ. ಆದರೆ ಮಲಗಿಸುವ ಹಾಗಿರಲಿಲ್ಲ. ಕಾರ್ಯದರ್ಶಿಗಳು ಕನ್ನಡಕ ಹಾಕಿಕೊಂಡು ಮತ್ತೆ ಸ್ಟೂಲಿನ ಮೇಲೆ ಕೂತು, ಬೇರೊಂದು ನಕ್ಷತ್ರಕ್ಕೆ ಕೊಳವೆ ತಿರುಗಿಸಿಕೊಂಡಿದ್ದರು.

“ಏಳಿ,” ಎಂದಳು ಗಾಜಕ್ಕ.

“ಒಂದು ನಿಮಿಷ.”

“ಅಂಚು ಕೆಟ್ಟಿದೆ ಅಂತ ಹೇಳಿದೆನಲ್ಲ.”

“ಇರಲಿ, ಒಂದು ನಿಮಿಷ.”

ಖಜಾಂಚಿ ಗಡಿಯಾರ ನೋಡಿಕೊಂಡರು. ಅತ್ತಿಗೆ ಶಾಲನ್ನು ಕಿವಿಯವರೆಗೆ ಎಳೆದುಕೊಂಡು, ಮನೆಗೆ ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿದರು. ಕಾರ್ಯದರ್ಶಿಗಳು ಇನ್ನೊಂದು ನಕ್ಷತ್ರಕ್ಕೆ ತಿರುಗಿಸಿದರು, ಅಲ್ಲಿಂದ ಮತ್ತೊಂದಕ್ಕೆ. ಗಾಜಕ್ಕ ಸ್ಕ್ರೂಡ್ರೈವರು ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿಕೊಂಡು, ಅವರ ಪಕ್ಕದಲ್ಲೇ ನಿಂತಿದ್ದಳು.